ಆಫೀಸ್ ಸಾಫ್ಟ್‌ವೇರ್ ಅಪ್‌ಗ್ರೇಡ್: ಸದ್ಯಕ್ಕೆ ಒಂದು ಕಂಪ್ಯೂಟರ್‌ಗೆ ಮಾತ್ರ ಸಾಕಾ?

ದಯವಿಟ್ಟು ಒಂದಕ್ಕೆ ಮಾತ್ರ ಹಾಕಿಸಬೇಡಿ. ಗೋಣಿಕೊಪ್ಪದ ನಿಮ್ಮ ಕಾಫಿ ವ್ಯಾಪಾರದ ಆಫೀಸಿನಲ್ಲಿ ನಾಲ್ಕು ಕಂಪ್ಯೂಟರ್, ಎಲ್ಲದರಲ್ಲೂ ಮೈಕ್ರೋಸಾಫ್ಟ್ ಆಫೀಸ್ 2010, ಹೊಸದಕ್ಕೆ ದುಡ್ಡು ಹಾಕಿದರೆ ಲಾಭ ಇದೆಯಾ, ಮೊದಲು ಒಂದರಲ್ಲಿ ನೋಡೋಣವಾ ಅಂತ ಕೇಳಿದ್ದೀರಿ. ಓದುವಾಗ ನಮ್ಮ ಎಸ್ಟೇಟ್ ಆಫೀಸಿನ ಕಥೆಯನ್ನೇ ಯಾರೋ ಬರೆದ ಹಾಗಿತ್ತು.

ನಾನು ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮಲ್ಲಿ ಎರಡು ಕಂಪ್ಯೂಟರ್. ಒಂದು ಆಫೀಸಿನಲ್ಲಿ, ಇನ್ನೊಂದು ಪಾಲಿಬೆಟ್ಟದ ಕಡೆಯ ತೋಟದಲ್ಲಿ, ಅಲ್ಲಿನ ತೂಕ, ಹಾಜರಿ ಬರೆಯುವ ರೈಟರ್ ಹತ್ತಿರ. ಎರಡರಲ್ಲೂ 2010 ಇತ್ತು. ಸಾಹುಕಾರರು ಆಫೀಸಿನದಕ್ಕೆ 2021 ಹಾಕಿಸಿದರು. ತೋಟದ್ದಕ್ಕೆ ಬೇಡ, ಅಲ್ಲಿ ತೂಕ ಬರೆಯುವುದು ಬಿಟ್ಟರೆ ಇನ್ನೇನಿದೆ ಎಂದರು. ಫೈಲು ಪೆನ್‌ಡ್ರೈವ್‌ನಲ್ಲಿ ಓಡಾಡುತ್ತಿತ್ತು.

ಕೊಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿ. ರೋಬಸ್ಟಾ ಕೊಯ್ಲು ಮುಗಿಯುತ್ತಾ ಬಂದಂತೆ ಗಿಡದಲ್ಲಿ ಹಣ್ಣು ಕಡಿಮೆಯಾಗುತ್ತದೆ, ಹಾಗಾಗಿ ನಾವು ಕೆಜಿಗೆ ಕೊಡುವ ರೇಟ್ ಏರಿಸುತ್ತೇವೆ. ತಾರೀಖು ನೋಡಿ ಆ ದಿನದ ರೇಟನ್ನು ತಾನೇ ಹುಡುಕಿಕೊಳ್ಳಲಿ ಎಂದು ಹೊಸ ಎಕ್ಸೆಲ್‌ನಲ್ಲಿ ಎಕ್ಸ್‌ಲುಕಪ್ ಫಾರ್ಮುಲಾ ಹಾಕಿದೆವು.

ಪೆಟ್ಟು ಬಿದ್ದದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಂಗಡಿಯವರು ಇದನ್ನು ಹೇಳುವುದಿಲ್ಲ. ಎಕ್ಸ್‌ಲುಕಪ್ ಅನ್ನುವುದು 2010ಕ್ಕೆ ಗೊತ್ತೇ ಇಲ್ಲ. ಆದರೆ ಫೈಲ್ ತೆರೆದ ಕೂಡಲೇ ಅದು ಎರರ್ ತೋರಿಸುವುದಿಲ್ಲ. ಹೊಸ ಎಕ್ಸೆಲ್ ಕೊನೆಯ ಸಲ ಲೆಕ್ಕ ಹಾಕಿದ ಅಂಕಿಯನ್ನೇ ತೋರಿಸುತ್ತದೆ. ಎಲ್ಲ ಸರಿ ಇದೆ ಅಂತಲೇ ಅನ್ನಿಸುತ್ತದೆ. ತಾರೀಖೋ ರೇಟೋ ಬದಲಾಗಿ ಆ ಸೆಲ್ ಮತ್ತೆ ಲೆಕ್ಕ ಹಾಕಬೇಕಾದಾಗ ಅಂಕಿಯ ಜಾಗದಲ್ಲಿ #NAME? ಅನ್ನುವ ನೇಮ್ ಎರರ್ ಬರುತ್ತದೆ. ನಮಗೂ ಬಂತು. ಮರುದಿನ ಬಟವಾಡೆ. ಕೂಲಿ ನಿಲ್ಲಬಾರದು ಎಂದು ರೈಟರ್ ರೇಟನ್ನು ಕೈಯಲ್ಲೇ ಟೈಪ್ ಮಾಡಿ, ಕಾಲಂ ಕೊನೆಯ ತನಕ ಎಳೆದುಬಿಟ್ಟರು. ಆ ವಾರಕ್ಕೆ ಅದು ಸರಿಯಾದ ರೇಟೇ. ಆದರೆ ಅಡಿಯಲ್ಲಿದ್ದ ಫಾರ್ಮುಲಾ ಹೋಯಿತು. ಮುಂದೆ ರೇಟ್ ಏರಿತು. ಪಟ್ಟಿಯಲ್ಲಿ ಹೊಸ ರೇಟ್ ಹಾಕಿದೆವು, ಕೂಲಿಯ ಕಾಲಂ ಹಳೆಯ ರೇಟಿನಲ್ಲೇ ಉಳಿಯಿತು. ಎರರ್ ಇದ್ದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅಂಕಿ ಇತ್ತು, ಹಾಗಾಗಿ ಯಾರೂ ನೋಡಲಿಲ್ಲ.

ತೋಟದ ಕೆಲಸದವರ ಲೈನ್ ಮನೆಯ ಒಬ್ಬ ಅಕ್ಕ ತೂಕದ ಚೀಟಿಗಳನ್ನೆಲ್ಲ ಜೋಪಾನವಾಗಿ ಇಟ್ಟುಕೊಂಡಿದ್ದರು. ಅವರು ಬಂದು ಕೇಳಿದ ಮೇಲೆ ಗೊತ್ತಾಯಿತು. ಇಲ್ಲಿದ್ದವರಿಗೆಲ್ಲ ಬಾಕಿ ಕೊಟ್ಟೆವು. ಅಸ್ಸಾಂ ಕಡೆಯ ಹುಡುಗರು ಅಷ್ಟರಲ್ಲಿ ಊರಿಗೆ ಹೋಗಿದ್ದರು. ಫೋನಿಗೆ ಸಿಕ್ಕವರಿಗೆ ಹಣ ಕಳಿಸಿದೆವು, ಕೆಲವರು ಸಿಗಲೇ ಇಲ್ಲ. ಅವರ ದುಡ್ಡು ಅವರಿಗೆ ಸೇರಲಿಲ್ಲ ಅನ್ನುವುದು ಇವತ್ತಿಗೂ ನನಗೆ ಸಂಕಟ. ಮುಂದಿನ ಕೊಯ್ಲಿಗೆ ಆ ಗುಂಪು ನಮ್ಮ ತೋಟಕ್ಕೆ ಬರಲೂ ಇಲ್ಲ. ಕೊಡಗಿನಲ್ಲಿ ಆಳು ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತೇ ಇದೆ ಅಲ್ವಾ?

ಹಳೆಯದು ಹೊಸದು ಬೆರೆಸಿದರೆ ದೊಡ್ಡವರಿಗೂ ಹೀಗೇ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಕೊರೋನಾ ಪಟ್ಟಿಯನ್ನು ಎಕ್ಸೆಲ್‌ನ ಹಳೆಯ ಮಾದರಿಯ ಎಕ್ಸ್‌ಎಲ್‌ಎಸ್ ಫೈಲಿಗೆ ತುಂಬಿದರು. ಅದರಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. 15,841 ಸೋಂಕಿತರ ಲೆಕ್ಕ ಸಮಯಕ್ಕೆ ಹೊರಗೆ ಬರಲೇ ಇಲ್ಲ.

ಹಾಗಾಗಿ ಲಾಭ ಇದೆಯಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾಲ್ಕರಲ್ಲೂ ಒಂದೇ ಇರುತ್ತದಾ, ಅದನ್ನು ಮೊದಲು ಕೇಳಿ. 2010ರಲ್ಲೇ ಉಳಿಯುವುದೂ ಬೇಡ. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಂತದ್ದು 2020ರ ಅಕ್ಟೋಬರ್‌ನಲ್ಲಿ. ದಿನಾ ಹೊರಗಿನವರ ಇಮೇಲ್ ಫೈಲ್ ತೆರೆಯುವ ಆಫೀಸಿಗೆ ಅದು ಅಪಾಯ. ಯಾರಾದರೂ ಕಡಿಮೆಗೆ 2016 ಅಥವಾ 2019 ಕೊಡುತ್ತೇನೆ ಅಂದರೆ ಅದೂ ಬೇಡ, ಅವೆರಡಕ್ಕೂ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 7 ಇರುವ ಕಂಪ್ಯೂಟರ್‌ನಲ್ಲಿ ಹೊಸ ಆಫೀಸ್ 2024 ಓಡುವುದೇ ಇಲ್ಲ, ಆ ಖರ್ಚನ್ನೂ ಈಗಲೇ ಸೇರಿಸಿಕೊಳ್ಳಿ.

ನಾಲ್ಕಕ್ಕೂ ದುಡ್ಡು ಇಲ್ಲದಿದ್ದರೆ ನಾಲ್ಕಕ್ಕೂ ಲಿಬ್ರೆಆಫೀಸ್ ಹಾಕಿ. ಅದು ಇದೇ ಕೆಲಸ ಮಾಡುವ ಬೇರೆ ಸಾಫ್ಟ್‌ವೇರ್, ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ನಂಬಿಕೊಂಡು ಬಿಲ್ ಮಾಡೋಕಾಗುತ್ತಾ? ಲಿಬ್ರೆಆಫೀಸ್‌ನ 24.8 ವರ್ಷನ್‌ನಿಂದ ಅದರಲ್ಲೂ ಎಕ್ಸ್‌ಲುಕಪ್ ಇದೆ. ನಮ್ಮ ಎಸ್ಟೇಟ್‌ನಲ್ಲಿ ಈಗ ತೋಟದ ಕಂಪ್ಯೂಟರ್‌ಗೂ ಆಫೀಸಿನದಕ್ಕೂ ಅದೇ. ಫಾರ್ಮುಲಾ ಇರುವ ಕಾಲಂಗಳಿಗೆ ಬೀಗ ಹಾಕಿದ್ದೇವೆ, ಕೈಯಲ್ಲಿ ಟೈಪ್ ಮಾಡಲು ಬರುವುದಿಲ್ಲ.

ಕೊಯ್ಲಿನ ನಡುವೆ ಮಾತ್ರ ಏನನ್ನೂ ಬದಲಾಯಿಸಬೇಡಿ. ಮಾರ್ಚ್ ಲೆಕ್ಕ ಮುಗಿಸಿ, ಏಪ್ರಿಲ್‌ನಲ್ಲಿ ಹೊಸ ವರ್ಷದ ಪುಸ್ತಕ ತೆರೆಯುವಾಗ ನಾಲ್ಕಕ್ಕೂ ಒಂದೇ ದಿನ ಹಾಕಿಸಿ.