ಅಳುವವರ ಎದೆಯಲ್ಲಿ ವಿಗ್ರಹ ಹುಡುಕುವವರು

ಓದುಗರ ಪತ್ರ

ಸಂಪಾದಕರಿಗೆ ವಂದನೆಗಳು. ನನ್ನ ತಂಗಿಗೆ ಹೆರಿಗೆಯಾಗಿ ಐದು ತಿಂಗಳಾಯಿತು. ಮಗು ಮಲಗಿದರೂ ಇವಳಿಗೆ ನಿದ್ದೆ ಇಲ್ಲ. ಸುಮ್ಸುಮ್ನೆ ಅಳುತ್ತಾಳೆ. ಮಗುವನ್ನು ಎತ್ತಿಕೊಳ್ಳಲು ಹೆದರುತ್ತಾಳೆ. ನಮ್ಮ ಸಭೆಯ (ಚರ್ಚಿನ) ಕೌನ್ಸೆಲಿಂಗ್ ತಂಡದವರ ಹತ್ತಿರ ಕರೆದುಕೊಂಡು ಹೋದೆವು. ಅವರು ಒಂದು ಪ್ರಶ್ನೆಪತ್ರಿಕೆ ತುಂಬಿಸಿದರು. 'ಒಳ್ಳೆಯ ತಾಯಿ ಅನ್ನಿಸಿಕೊಳ್ಳುವ ಆಸೆಯೇ ನಿನ್ನ ಹೃದಯದ ವಿಗ್ರಹ, ಪಶ್ಚಾತ್ತಾಪಪಟ್ಟರೆ ಸಮಾಧಾನ ಸಿಗುತ್ತದೆ' ಎಂದರು. ಈಗ ಅವಳು ಇನ್ನೂ ಜಾಸ್ತಿ ಅಳುತ್ತಾಳೆ. ಆದರೆ ಇದೇ ತಂಡದ ಬೋಧನೆ ಕೇಳಿಯೇ ನನ್ನ ಯಜಮಾನರು ಮೊಬೈಲಿನ ರಮ್ಮಿ ಆಟ ಬಿಟ್ಟರು. ಹಾಗಾಗಿ ಅವರು ಹೇಳಿದ್ದು ತಪ್ಪು ಎನ್ನಲೂ ಬಾಯಿ ಬರುತ್ತಿಲ್ಲ. ಎಲ್ಲ ಪಾಪದ ಬೇರೂ ವಿಗ್ರಹಾರಾಧನೆಯೇ?

ಹೆಸರು ಬೇಡ ಎಂದಿರುವ ಸಹೋದರಿ, ಶಿವಮೊಗ್ಗ ಜಿಲ್ಲೆ

ಸಂಪಾದಕರ ಉತ್ತರ

ಸಹೋದರಿ, ನಿಮ್ಮ ಪತ್ರ ಉದ್ದವಿತ್ತು. ಸಾರವನ್ನಷ್ಟೇ ಮೇಲೆ ಹಾಕಿದ್ದೇನೆ. ಮೊದಲು ಒಂದು ಸಣ್ಣ ಬೈಗುಳ. ಐದು ತಿಂಗಳಿಂದ ನಿದ್ದೆ ಇಲ್ಲದ ಬಾಣಂತಿಯನ್ನು ಡಾಕ್ಟರಿಗೆ ತೋರಿಸಿದ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಇಲ್ಲ. ಜ್ವರ ಬಂದಿದ್ದರೆ ಎರಡನೇ ದಿನವೇ ಆಸ್ಪತ್ರೆಗೆ ಓಡುತ್ತಿದ್ದಿರಿ, ಅಲ್ವಾ? ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಪ್ರಶ್ನೆಗೆ. ಆ ತಂಡದವರು ಹೇಳಿದ್ದು ಅವರೇ ಕಟ್ಟಿದ ಕತೆ ಅಲ್ಲ. ಅಷ್ಟನ್ನು ಒಪ್ಪಲೇಬೇಕು. ಜನ ತಮ್ಮ ಹೃದಯದಲ್ಲೇ ವಿಗ್ರಹಗಳನ್ನು ನಿಲ್ಲಿಸಿಕೊಂಡಿದ್ದಾರೆ ಎಂಬ ಮಾತು ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 14ನೇ ಅಧ್ಯಾಯದಲ್ಲಿದೆ. ದುರಾಶೆ ಎಂದರೆ ವಿಗ್ರಹಾರಾಧನೆಯೇ ಎಂದು ಅಪೊಸ್ತಲ ಪೌಲನು ಕೊಲೊಸ್ಸೆ ಊರಿನ ಸಭೆಯವರಿಗೆ ಬರೆದ. ನಿನ್ನ ಮನಸ್ಸು ಯಾವುದಕ್ಕೆ ಜೋತುಬಿದ್ದಿದೆಯೋ ಅದೇ ನಿನ್ನ ದೇವರು ಎಂದು ಸಭಾ ಸುಧಾರಕ ಲೂಥರ್ 1529ರಲ್ಲಿ ಮೊದಲನೆಯ ಆಜ್ಞೆಯನ್ನು ವಿವರಿಸಿದ. ಮನುಷ್ಯನ ಮನಸ್ಸು ಬಿಡುವಿಲ್ಲದೆ ವಿಗ್ರಹ ತಯಾರಿಸುವ ಕಾರ್ಖಾನೆ ಎಂದವನು ಇನ್ನೊಬ್ಬ ಸುಧಾರಕ ಕ್ಯಾಲ್ವಿನ್. ಹೀಗೆ ಮಾತು ಹಳೆಯದು. ಅದನ್ನು ಕೌನ್ಸೆಲಿಂಗ್ ಕೋಣೆಯೊಳಗೆ ತಂದವರು ಅಮೆರಿಕದವರು. ಜನರ ಮನಸ್ಸಿನ ಕಷ್ಟಗಳನ್ನೆಲ್ಲ ಮನೋವೈದ್ಯರಿಗೆ ಒಪ್ಪಿಸಿ ಸಭೆ ಕೈತೊಳೆದುಕೊಂಡಿದೆ ಎಂದು ಜೇ ಆಡಮ್ಸ್ ಎಂಬ ಬೋಧಕರು 1970ರಲ್ಲಿ ದೊಡ್ಡ ಗದ್ದಲವನ್ನೇ ಎಬ್ಬಿಸಿದರು. ಅವರ ಗಮನವೆಲ್ಲ ನಡತೆಯ ಮೇಲೆ. ನಂತರದ ತಲೆಮಾರಿನ ಡೇವಿಡ್ ಪೌಲಿಸನ್, ನಡತೆ ತಿದ್ದಿದರೆ ಸಾಲದು, ಅದರ ಹಿಂದೆ ಕೂತಿರುವ ಆಸೆ ಯಾವುದು ನೋಡಿ ಎಂದರು. 1995ರಲ್ಲಿ ಅಚ್ಚಾದ ಅವರ ಒಂದು ಲೇಖನದಿಂದ 'ಹೃದಯದ ವಿಗ್ರಹ' ಎಂಬ ಮಾತು ಆ ವಲಯದಲ್ಲೆಲ್ಲ ಹಬ್ಬಿತು. ನ್ಯೂಯಾರ್ಕಿನ ಪಾಸ್ಟರ್ ಟಿಮ್ ಕೆಲ್ಲರ್ ಅದನ್ನು ಮನೆಮನೆಗೆ ಮುಟ್ಟಿಸಿದರು. ಸುಖ, ಮೆಚ್ಚುಗೆ, ಹಿಡಿತ, ಅಧಿಕಾರ ಎಂದು ನಾಲ್ಕು ಬೇರು ವಿಗ್ರಹಗಳ ಪಟ್ಟಿಯನ್ನು ನಿಮ್ಮ ತಂಡದವರೂ ಗೋಡೆಗೆ ಅಂಟಿಸಿರಬಹುದು.

ನಿಮ್ಮ ಯಜಮಾನರಿಗೆ ಇದು ತಾಗಿತು. ಸಂತೋಷ. ರಾತ್ರಿ ಎರಡು ಗಂಟೆಗೆ ಹೆಂಡತಿಗೆ ಗೊತ್ತಾಗದ ಹಾಗೆ ರಮ್ಮಿ ಆಡುವ ಮನುಷ್ಯನಿಗೆ 'ನಿನ್ನ ದೇವರು ಯಾರು' ಎಂದು ಕೇಳಲೇಬೇಕಿತ್ತು. ಕೇಳಿದವರಿಗೆ ನನ್ನ ನಮಸ್ಕಾರ.

ಆದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ನಿಮ್ಮ ಮನೆಯಲ್ಲಿ. ರಮ್ಮಿಗೆ ಕೊಟ್ಟ ಔಷಧವನ್ನೇ ಬಾಣಂತಿಗೂ ಕೊಟ್ಟರು. ಪೌಲ ಹೀಗೆ ಮಾಡಲಿಲ್ಲ ನೋಡಿ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಅವನು ಜನರನ್ನು ಬೇರೆ ಬೇರೆ ಮಾಡಿ ನೋಡುತ್ತಾನೆ. ಅಡ್ಡಾದಿಡ್ಡಿ ನಡೆಯುವವರಿಗೆ ಬುದ್ಧಿ ಹೇಳಿ. ಮನಗುಂದಿದವರಿಗೆ ಧೈರ್ಯ ಕೊಡಿ. ಬಲ ಇಲ್ಲದವರಿಗೆ ಆಧಾರವಾಗಿ. ಎಲ್ಲರ ವಿಷಯದಲ್ಲೂ ತಾಳ್ಮೆ ಇರಲಿ. ನಿಮ್ಮ ತಂಡದವರು ಮೊದಲನೆಯ ಸಾಲು ಓದಿ ಪುಸ್ತಕ ಮುಚ್ಚಿಬಿಟ್ಟರು.

ಅವರು ಅಷ್ಟು ಪ್ರೀತಿಯಿಂದ ಹಿಡಿದುಕೊಂಡಿರುವ ಯೆಹೆಜ್ಕೇಲನನ್ನೇ ತೆಗೆದುಕೊಳ್ಳಿ. ಹೃದಯದ ವಿಗ್ರಹದ ಮಾತನ್ನು ಪ್ರವಾದಿ ಯಾರ ಬಗ್ಗೆ ಆಡಿದ? ಮಗುವನ್ನು ಮಡಿಲಲ್ಲಿಟ್ಟುಕೊಂಡು ಅಳುವ ಹೆಂಗಸಿನ ಬಗ್ಗೆ ಅಲ್ಲ. ಅವನ ಮುಂದೆ ಬಂದು ಕೂತಿದ್ದವರು ಇಸ್ರಾಯೇಲಿನ ಹಿರಿಯರು. ಇವತ್ತಿನ ಲೆಕ್ಕದಲ್ಲಿ ಕಮಿಟಿಯವರು ಅನ್ನಿ. ಅದೇ ಪ್ರವಾದಿ 34ನೇ ಅಧ್ಯಾಯದಲ್ಲಿ ಕುರುಬರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಬಡಕಲಾದ ಕುರಿಗೆ ಬಲ ಕೊಡಲಿಲ್ಲ, ರೋಗ ಬಂದದ್ದನ್ನು ವಾಸಿಮಾಡಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ಬಲಾತ್ಕಾರದಿಂದ ಆಳಿದಿರಿ ಎನ್ನುತ್ತಾನೆ. ಹದಿನಾಲ್ಕನೆಯದನ್ನು ಬಾಯಿಪಾಠ ಮಾಡಿದವರು ಮೂವತ್ತನಾಲ್ಕರ ತನಕ ಯಾಕೆ ಬರುವುದಿಲ್ಲವೋ!

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನನ್ನು ನೋಡಲು ಬಂದ ಗೆಳೆಯರ ಕತೆ ನಿಮಗೆ ಗೊತ್ತೇ ಇದೆ. ಎಲೀಫಜ, ಬಿಲ್ದದ, ಚೋಫರ ಮೂವರೂ ಕೆಟ್ಟವರಲ್ಲ. ಏಳು ದಿನ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರು. ನಮ್ಮಲ್ಲಿ ಏಳು ನಿಮಿಷ ಸುಮ್ನೆ ಕೂರುವವರು ಸಿಕ್ಕರೆ ಹೆಚ್ಚು. ಅವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಎಲ್ಲೋ ಒಂದು ಪಾಪ ಇರಲೇಬೇಕು, ಹುಡುಕು ಎಂದು ಹಿಡಿದ ಹಟ ಬಿಡಲಿಲ್ಲ. ಕೊನೆಗೆ ಯೆಹೋವನ ಕೋಪಕ್ಕೆ ಗುರಿಯಾದವರು ಅವರೇ.

ಪ್ರವಾದಿ ಎಲೀಯನ ಕತೆ ನನಗೆ ಇನ್ನೂ ಇಷ್ಟ. ಅವನು ವಿಗ್ರಹಗಳ ವಿರುದ್ಧ ನಿಂತವರಲ್ಲಿ ದೊಡ್ಡವನು. ಕರ್ಮೆಲ್ ಬೆಟ್ಟದಲ್ಲಿ ಬಾಳ ಎಂಬ ಅನ್ಯದೇವತೆಯ ಪ್ರವಾದಿಗಳನ್ನು ಸೋಲಿಸಿ ಬಂದವನು. ಅದಾದ ಸ್ವಲ್ಪದರಲ್ಲೇ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು 'ನನಗೆ ಸಾವು ಬರಲಿ' ಎಂದ. ಆಗ ಬಂದ ದೇವದೂತ ಪ್ರಶ್ನೆಪತ್ರಿಕೆ ತರಲಿಲ್ಲ. ಬಿಸಿ ರೊಟ್ಟಿ ತಂದ, ನೀರು ತಂದ. ಎದ್ದು ಊಟ ಮಾಡು ಎಂದ. ತಿಂದು ಮತ್ತೆ ಮಲಗಿದವನನ್ನು ಬೈಯಲಿಲ್ಲ. ಎರಡನೇ ಸಲವೂ ಊಟಕ್ಕೇ ಎಬ್ಬಿಸಿದ. ದಾರಿ ದೂರ ಇದೆ, ನಿನ್ನ ಕೈಲಾಗದು ಎಂದ. 'ಇಲ್ಲಿ ಏನು ಮಾಡುತ್ತಿದ್ದೀ' ಎಂದು ದೇವರು ಕೇಳಿದ್ದು ಆಮೇಲೆ, ನಲವತ್ತು ದಿನ ನಡೆದು ಹೋರೇಬಿಗೆ ಬಂದ ಮೇಲೆ.

ಇನ್ನೊಬ್ಬನ ಕತೆ ಹೇಳದೆ ಇರಲಾರೆ. ಇಂಗ್ಲೆಂಡಿನ ಕವಿ ವಿಲಿಯಂ ಕೂಪರ್. 1763ರಲ್ಲಿ ಒಂದು ನೌಕರಿಯ ಪರೀಕ್ಷೆಯ ಹೆದರಿಕೆಯಲ್ಲಿ ಅವನ ಮನಸ್ಸು ಕೆಟ್ಟಿತು. ಸಾಯಲು ಹೋಗಿ ಬದುಕಿದ. ಆಮೇಲೆ ಡಾಕ್ಟರ್ ಕಾಟನ್ ಎಂಬವರ ಆಸ್ಪತ್ರೆಯಲ್ಲಿ ಸುಧಾರಿಸಿಕೊಂಡ, ವಿಶ್ವಾಸಕ್ಕೂ ಬಂದ. ಮೇರಿ ಅನ್ವಿನ್ ಎಂಬ ವಿಧವೆಯ ಮನೆಯವರ ಜೊತೆ ಓಲ್ನಿ ಎಂಬ ಸಣ್ಣ ಊರಿಗೆ ಬಂದು ನೆಲೆಸಿದ. 1769ರ ಡಿಸೆಂಬರಿನಲ್ಲಿ ಆ ತಾಯಿ ಕಾಯಿಲೆ ಬಿದ್ದಳು. ಅವಳು ಸತ್ತರೆ ತನಗೆ ಯಾರೂ ಇಲ್ಲ. ಆ ಸಂಕಟದಲ್ಲಿ ಅವನು ಒಂದು ಕೀರ್ತನೆ ಬರೆದ. ನನಗೆ ಅತಿ ಪ್ರಿಯವಾದ ವಿಗ್ರಹ ಯಾವುದೇ ಇರಲಿ, ಅದನ್ನು ನಿನ್ನ ಸಿಂಹಾಸನದಿಂದ ಕಿತ್ತುಹಾಕಲು ಸಹಾಯ ಮಾಡು ಎಂಬ ಬೇಡಿಕೆ ಅದರಲ್ಲಿದೆ. ಇಂಗ್ಲಿಷ್ ಸಭೆಗಳಲ್ಲಿ ಅದನ್ನು ಇವತ್ತಿಗೂ ಹಾಡುತ್ತಾರೆ. ನಿಮ್ಮ ತಂಡದವರು ಏನು ಮಾಡು ಎನ್ನುತ್ತಾರೋ ಅದನ್ನು ಆ ಮನುಷ್ಯ ಅವರಿಗಿಂತ ಮನಮುಟ್ಟಿ ಮಾಡಿದ್ದ. ಕಾಯಿಲೆ ಹೋಯಿತೇ? 1773ರಲ್ಲಿ ಮತ್ತೆ ಬಂತು, ಮೊದಲಿಗಿಂತ ಜೋರಾಗಿ. ದೇವರು ತನ್ನನ್ನು ಶಾಶ್ವತವಾಗಿ ಕೈಬಿಟ್ಟ ಎಂಬ ನಂಬಿಕೆ ಕೂತುಬಿಟ್ಟಿತು. 1800ರಲ್ಲಿ ಸಾಯುವ ತನಕ ಅದು ಅವನನ್ನು ಬಿಡಲಿಲ್ಲ.

ಆಗ ಓಲ್ನಿಯಲ್ಲಿ ಸಭೆ ನೋಡಿಕೊಳ್ಳುತ್ತಿದ್ದವರು 'ಅಮೇಜಿಂಗ್ ಗ್ರೇಸ್' ಬರೆದ ಜಾನ್ ನ್ಯೂಟನ್. ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನ. ಪಾಪ ಎಂದರೆ ಏನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ನ್ಯೂಟನ್ ಕೂಪರನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡರು, ಒಂದು ವರ್ಷಕ್ಕೂ ಮೇಲೆ. ಮೇರಿ ಅನ್ವಿನ್ ಹಗಲೂ ರಾತ್ರಿ ಆರೈಕೆ ಮಾಡಿದಳು. ಆಮೇಲೆ ಯಾರೋ ಅವನಿಗೆ ಒಂದು ಮೊಲದ ಮರಿ ತಂದುಕೊಟ್ಟರು. ಮೂರು ಮೊಲ ಸಾಕಿದ. ತೋಟ ಮಾಡಿದ, ಮರಗೆಲಸ ಮಾಡಿದ, ಮತ್ತೆ ಬರೆಯತೊಡಗಿದ. ವಾಸಿಯಾಗಲಿಲ್ಲ, ಆದರೆ ಬದುಕಿದ. ಯಾವ ಹೆಂಗಸನ್ನು ತನ್ನ ವಿಗ್ರಹ ಆಗಿಬಿಟ್ಟಿದ್ದಾಳೇನೋ ಎಂದು ಅವನು ಹೆದರಿದ್ದನೋ, ಅವನನ್ನು ಬದುಕಿಸಲು ದೇವರು ಬಳಸಿದ್ದು ಆಕೆಯನ್ನೇ. ಈ ಮಾತು ನಿಮ್ಮ ತಂಗಿಗೆ ತಿಳಿಸಿ.

ನನ್ನ ತಕರಾರು ಬೋಧನೆಯ ಮೇಲೆ ಅಷ್ಟಿಲ್ಲ, ಅದು ಕೈಗೆ ಸಿಕ್ಕವರ ಮೇಲೆ. ಎರಡು ದಿನದ ತರಬೇತಿ, ಒಂದು ಸರ್ಟಿಫಿಕೇಟು, ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿದ ಒಂದು ಹಾಳೆ. ಅಷ್ಟಾದರೆ ಕೌನ್ಸೆಲರ್. ಅಂಥ ಒಂದು ತರಬೇತಿಗೆ ನಾನೂ ಹೋಗಿ ಹಿಂದಿನ ಬೆಂಚಲ್ಲಿ ಕೂತಿದ್ದೆ. ಹೆಂಡತಿ ತೀರಿಕೊಂಡ ಮುದುಕರೊಬ್ಬರು ಊಟ ಬಿಟ್ಟಿದ್ದಾರೆ, ಏನು ಹೇಳಲಿ ಎಂದು ಒಬ್ಬ ಹುಡುಗಿ ಕೇಳಿದಳು. ಆ ಹೆಂಡತಿಯೇ ಅವರ ವಿಗ್ರಹ ಆಗಿದ್ದಿರಬೇಕು ಎಂಬ ಉತ್ತರ ಬಂತು. ಎಲ್ಲರೂ ಬರೆದುಕೊಂಡರು! ತೀರಿಕೊಂಡ ಗೆಳೆಯ ಲಾಜರನ ಸಮಾಧಿಯ ಹತ್ತಿರ ಕರ್ತನಾದ ಯೇಸು ಅತ್ತದ್ದಕ್ಕೆ ಇವರು ಯಾವ ವಿಗ್ರಹದ ಹೆಸರು ಕೊಡುತ್ತಾರೋ ಕೇಳಬೇಕು ಅನ್ನಿಸಿತು. ಕೇಳಿದರೆ ಮಧ್ಯಾಹ್ನದ ಊಟ ಸಿಗುತ್ತಿರಲಿಲ್ಲ.

ಈ ಪದ್ಧತಿಯಲ್ಲಿ ಇನ್ನೊಂದು ಕುತ್ತಿದೆ. ಸೋಲುವವನು ಯಾವಾಗಲೂ ಎದುರು ಕೂತವನೇ. ಹೌದು ಎಂದರೆ ವಿಗ್ರಹ ಸಿಕ್ಕಿತು. ಇಲ್ಲ ಎಂದರೆ ಹೃದಯ ಕಠಿಣವಾಗಿದೆ. ಅತ್ತರೆ ವಾಕ್ಯ ನಾಟಿದೆ. ಸುಮ್ಮನಿದ್ದರೆ ಮುಚ್ಚಿಡುತ್ತಿದ್ದಾಳೆ. ಹೇಳಿದವರು ತಪ್ಪಿರಬಹುದು ಎಂಬ ಒಂದು ದಾರಿ ಮಾತ್ರ ಅದರಲ್ಲಿ ಇಲ್ಲ. ಪೌಲಿಸನ್ ಅವರಾದರೂ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿ ಬಂದವರು. ಮುಂದೆ ತಮ್ಮ ಬರಹಕ್ಕೆ ತಾವೇ ಮರಳಿ ಬಂದು, ಎಲ್ಲಕ್ಕೂ ಈ ಒಂದೇ ಮಾತನ್ನು ಹಚ್ಚಬೇಡಿ ಎಂದು ಎಚ್ಚರಿಸಿದರು. ಆ ಎಚ್ಚರಿಕೆ ಮಾತ್ರ ನಮ್ಮ ಹಾಳೆಗಳಿಗೆ ಇಳಿದಿಲ್ಲ.

ಎಲ್ಲ ಪಾಪದ ಬೇರೂ ಅದೇನಾ ಎಂದಿರಿ. ಹಣದಾಸೆಯೇ ಸಕಲ ಕೇಡಿಗೆ ಬೇರು ಎಂದು ತಿಮೊಥೆಯನಿಗೆ ಬರೆದಿದೆ. ಅಗಸ್ಟೀನ್ ಗರ್ವವೇ ಮೊದಲು ಎಂದ. ಅಪನಂಬಿಕೆ ಎಂದವರೂ ಇದ್ದಾರೆ. ದೊಡ್ಡವರೇ ಒಂದು ಬೇರಿನ ಹೆಸರಿಗೆ ನಿಲ್ಲಲಿಲ್ಲ. ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ತಂಗಿಯ ಕಷ್ಟ ಪಾಪವೇ ಅಲ್ಲದಿದ್ದರೆ ಬೇರು ಹುಡುಕಿ ಏನು ಪ್ರಯೋಜನ?

ವಿಗ್ರಹ ಬೇಕಾದವರು ನಮ್ಮ ಕಚೇರಿಗೆ ಬರಲಿ. ವಧು-ವರರ ಪುಟಕ್ಕೆ ಬರುವ ಕಾಗದಗಳನ್ನು ತೋರಿಸುತ್ತೇನೆ. 'ದೇವಭಯವುಳ್ಳ, ಪ್ರಾರ್ಥನಾಶೀಲ ಕುಟುಂಬ' ಎಂದು ಶುರುವಾಗುತ್ತದೆ. ಕೆಳಗೆ ಪೆನ್ಸಿಲಿನಲ್ಲಿ 'ಅಚ್ಚು ಹಾಕಬೇಡಿ, ಆದರೆ ನಮ್ಮ ಜಾತಿಯವರೇ ಆಗಬೇಕು' ಎಂದಿರುತ್ತದೆ. ಸ್ನಾನದೀಕ್ಷೆಯ ನೀರಿನಲ್ಲಿ ಮುಳುಗದೆ ಉಳಿದ ವಿಗ್ರಹ ಅದು. ಅದಕ್ಕೆ ಕೌನ್ಸೆಲಿಂಗ್ ಮಾಡಿದ ತಂಡವನ್ನು ನಾನು ಈವರೆಗೆ ಕಂಡಿಲ್ಲ. ಸಭೆಯ ಆಸ್ತಿಗಾಗಿ ಅಣ್ಣತಮ್ಮಂದಿರ ಹಾಗೆ ಕೋರ್ಟಿಗೆ ಅಲೆಯುವ ಹಿರಿಯರಿಗೂ ಯಾರೂ ಹಾಳೆ ತುಂಬಿಸುವುದಿಲ್ಲ. ಪಕ್ಕದ ಮನೆಯವರ ದೇವರ ಕೋಣೆಯ ವಿಗ್ರಹ ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಅದು ಬಿಟ್ಟರೆ ಬಾಣಂತಿಯರದು.

ನಾನು ಚಿಕ್ಕವನಿದ್ದಾಗ ಮಲೆನಾಡಿನ ಸಭೆಯೊಂದರಲ್ಲಿ ಒಬ್ಬ ಹಳೆಯ ಅಯ್ಯನವರಿದ್ದರು. ಯಾರ ಮನೆಗೆ ಹೋದರೂ ಪ್ರಾರ್ಥನೆಗೆ ಮೊದಲು 'ಊಟ ಸೇರ್ತದಾ? ನಿದ್ದೆ ಬರ್ತದಾ?' ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತಿದ್ದರು, ಬಸ್ಸಿನ ದುಡ್ಡೂ ಕೊಟ್ಟು. ಅವರಿಗೆ ಸರ್ಟಿಫಿಕೇಟು ಇರಲಿಲ್ಲ. ಕ್ರೈಸ್ತರು ಮನೋವೈದ್ಯಕ್ಕೆ ಹೆದರಬೇಕು ಎನ್ನುವವರು ನಮ್ಮದೇ ಚರಿತ್ರೆ ಓದಿಲ್ಲ. ಲಕ್ನೋದ ನೂರ್ ಮಂಜಿಲ್ ಮಾನಸಿಕ ಚಿಕಿತ್ಸಾಲಯವನ್ನು 1950ರಲ್ಲಿ ಶುರುಮಾಡಿದವರು ಮಿಷನರಿ ಸ್ಟಾನ್ಲಿ ಜೋನ್ಸ್. ಭಾರತಕ್ಕೆ ಬಂದ ಮೊದಲ ವರ್ಷಗಳಲ್ಲಿ ಅವರ ಮನಸ್ಸೇ ಮತ್ತೆ ಮತ್ತೆ ಕುಸಿದಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ (ಸಿಎಂಸಿ) ಮಾನಸಿಕ ಆರೋಗ್ಯ ಕೇಂದ್ರದಲ್ಲಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡು ಚಿಕಿತ್ಸೆ ಕೊಡುವ ಪದ್ಧತಿ ಇದೆ. ಅದೂ ಮಿಷನ್ ಆಸ್ಪತ್ರೆಯೇ.

ಈಗ ನಿಮ್ಮ ತಂಗಿಯ ವಿಷಯ. ನಮ್ಮ ದೇಶದಲ್ಲಿ ಹೆತ್ತ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ತಾಯಂದಿರಿಗೆ ಬಾಣಂತಿ ಖಿನ್ನತೆ ಬರುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದವರು 2017ರಲ್ಲಿ ವರದಿ ಮಾಡಿದ್ದಾರೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಹೀಗೆಲ್ಲ ಆಗಬಹುದು. ಹಾಗಾಗಿ ರಕ್ತ ಪರೀಕ್ಷೆಯ ಬಗ್ಗೆಯೂ ಕೇಳಿ. ಈ ವಾರವೇ ಕರೆದುಕೊಂಡು ಹೋಗಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಹೋಗುವ ಮೊದಲು ಮಾತಾಡಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಅವಳ ಬಾಯಿಂದ ಬಂದರೆ ವಾರ ಕಾಯಬೇಡಿ, ಅದೇ ಗಂಟೆಗೆ ಆಸ್ಪತ್ರೆಗೆ ಹೊರಡಿ, ಒಬ್ಬಳನ್ನೇ ಬಿಡಬೇಡಿ.

ರಾತ್ರಿ ಮಗುವನ್ನು ಬೇರೆ ಯಾರಾದರೂ ನೋಡಿಕೊಂಡು ಅವಳು ನಾಲ್ಕೈದು ಗಂಟೆ ಒಂದೇ ಸಮ ಮಲಗುವ ಹಾಗೆ ಮಾಡಿ. ನಿಮ್ಮ ಯಜಮಾನರಿಗೆ ರಾತ್ರಿ ಎಚ್ಚರ ಇದ್ದು ಅಭ್ಯಾಸ ಇದೆಯಲ್ಲ, ಒಂದೆರಡು ಪಾಳಿ ಅವರಿಗೇ ಕೊಡಿ. ಇನ್ನು ಮಗುವಿಗೆ ಎದೆಹಾಲು ಕುಡಿಸುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ. ಹಾಲು ಬಿಡಿಸದೆ ಕೊಡಬಹುದಾದ ಮಾತ್ರೆಗಳಿವೆ.