ಮಾನುಯೆಲ್ ಅರ್ಗಿಲ್ಲಾ ಒಂದೇ ಕತೆಯ ಕತೆಗಾರನೇ?

ಫಿಲಿಪ್ಪೀನ್ಸ್‌ನ ಅರ್ಗಿಲ್ಲಾ ಬರೆದ ಆ ಗಾಡಿ ಕತೆ, ‘ಹೌ ಮೈ ಬ್ರದರ್ ಲಿಯೋನ್ ಬ್ರಾಟ್ ಹೋಮ್ ಎ ವೈಫ್’, ಮಾತ್ರ ಓದಿದ್ದೇನೆ, ಬೇರೆ ಏನಾದರೂ ಬರೆದಿದ್ದಾನಾ ಅಂತ ಕೇಳಿದ್ದೀರಿ. ಬರೆದಿದ್ದಾನೆ. ನನ್ನನ್ನು ಕೇಳಿದರೆ ಅದಕ್ಕಿಂತ ಗಟ್ಟಿ ಕತೆಗಳನ್ನೇ ಬರೆದಿದ್ದಾನೆ, ಓದುವವರು ಕಡಿಮೆ ಅಷ್ಟೆ.

ಹುಟ್ಟಿದ್ದು 1911ರಲ್ಲಿ, ಲುಝಾನ್ ದ್ವೀಪದ ಲಾ ಯೂನಿಯನ್ ಪ್ರಾಂತ್ಯದ ನಗ್ರೆಬ್ಕಾನ್ ಎಂಬ ಹಳ್ಳಿಯಲ್ಲಿ. ಸೀಮೆ ಇಲೊಕಾನೊ ಮಾತಿನದು. ಆಗ ಅಮೆರಿಕನ್ನರ ಆಳ್ವಿಕೆ, ಶಾಲೆ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ. ಹಾಗಾಗಿ ಕತೆ ಬರೆದದ್ದೂ ಇಂಗ್ಲಿಷಿನಲ್ಲೇ. 1933ರಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದ ಪದವಿ ಪಡೆದ. ಲೇಖಕಿ ಲಿಡಿಯಾ ವಿಲ್ಲಾನುಯೆವಾ ಜೊತೆ ಮದುವೆಯಾಯಿತು. ಹೊಟ್ಟೆಪಾಡಿಗೆ ಮನಿಲಾದಲ್ಲಿ ಪಾಠ ಹೇಳಿದ, ಆಮೇಲೆ ಸರ್ಕಾರದ ಕಲ್ಯಾಣ ಇಲಾಖೆಯ ಪತ್ರಿಕೆ ನೋಡಿಕೊಂಡ. 1940ರಲ್ಲಿ ಬಂದ ಕಥಾಸಂಕಲನಕ್ಕೆ ಫಿಲಿಪ್ಪೀನ್ಸ್ ಸರ್ಕಾರದ ಕಾಮನ್‌ವೆಲ್ತ್ ಸಾಹಿತ್ಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಸಿಕ್ಕಿತು.

ನೀವು ಓದಿದ ಕತೆ ಆ ಸಂಕಲನದ್ದೇ. ಪಟ್ಟಣದ ಹುಡುಗಿ ಮರಿಯಾಳನ್ನು ಕಟ್ಟಿಕೊಂಡು ಲಿಯೋನ್ ಊರಿಗೆ ಬರುತ್ತಾನೆ. ಅಪ್ಪ ಬೇಕೆಂದೇ ಕುದುರೆಗಾಡಿ ಕಳಿಸುವುದಿಲ್ಲ. ಚಿಕ್ಕ ಮಗ ಬಾಲ್ಡೋ ಕೈಲಿ ಎತ್ತಿನ ಗಾಡಿ ಹೂಡಿಸಿ, ಹೆದ್ದಾರಿ ಬಿಟ್ಟು ಹಳ್ಳದ ದಾರಿ ಹಿಡಿಸುತ್ತಾನೆ. ರಾತ್ರಿ ಕತ್ತಲಲ್ಲಿ ಚುಟ್ಟಾ ಸೇದುತ್ತಾ ಕೂತು ಬಾಲ್ಡೋನನ್ನು ವಿಚಾರಿಸುತ್ತಾನೆ: ಎತ್ತು ಕಂಡು ಅವಳು ಹೆದರಿದಳಾ? ಸೊಸೆಗೆ ಪರೀಕ್ಷೆ ಇಟ್ಟಿದ್ದು ಓದುಗನಿಗೆ ಅಲ್ಲಿಯೇ ಹೊಳೆಯುವುದು. ಕತೆಗಾರ ಬಾಯಿಬಿಟ್ಟು ಹೇಳುವುದಿಲ್ಲ. ಸೊಗಸು, ಒಪ್ಪುತ್ತೇನೆ. ಆದರೆ ಇದೊಂದನ್ನೇ ಪಠ್ಯದಲ್ಲಿ ಇಟ್ಟೂ ಇಟ್ಟೂ ಅರ್ಗಿಲ್ಲಾ ಅಂದರೆ ನಕ್ಷತ್ರ, ಹುಲ್ಲಿನ ವಾಸನೆ ಅನ್ನುವ ಹಾಗಾಗಿದೆ.

ಅದೇ ಕತೆಗಾರ ‘ರೈಸ್’ ಬರೆದಿದ್ದಾನೆ. ಪಾಬ್ಲೊ ಗೇಣಿದಾರ. ಗದ್ದೆಯಲ್ಲಿ ದುಡಿಯುವವನ ಮನೆಯಲ್ಲೇ ಅನ್ನವಿಲ್ಲ. ಸಾಲವಾಗಿ ತಂದ ಅಕ್ಕಿಗೆ ಸುಗ್ಗಿಯಲ್ಲಿ ಎಷ್ಟು ಹೆಚ್ಚು ಅಳೆದುಕೊಡಬೇಕು ಅನ್ನುವುದು ಭೂಮಾಲೀಕನ ಕಡೆಯವರು ಹೇಳಿದ್ದೇ ಲೆಕ್ಕ. ಕೊನೆಗೆ ಪಾಬ್ಲೊ ಕತ್ತಿ ಹಿಡಿದು, ಅಕ್ಕಿ ಲಾರಿಗೆ ಕಾದಿರುವವರ ಜೊತೆ ಸೇರಲು ಹೊರಡುತ್ತಾನೆ. ಇಲ್ಲೂ ಭಾಷಣವಿಲ್ಲ, ಎತ್ತಿದ ದನಿಯಿಲ್ಲ. ಗಾಡಿ ಕತೆಯ ಸಂಯಮವೇ ಇಲ್ಲಿ ಸಿಟ್ಟು ಹೊತ್ತು ನಿಂತಿದೆ. ‘ಕ್ಯಾಪ್ಸ್ ಅಂಡ್ ಲೋವರ್ ಕೇಸ್’ ಇನ್ನೊಂದು, ಸಂಬಳ ಏರಿಸಿ ಎಂದು ಕೇಳಬೇಕಾದ ಪ್ರೂಫ್ ರೀಡರನ ಸಂಕಟ. ಹಳ್ಳಿ ಕತೆಗಾರ ಅಂತ ಹಣೆಪಟ್ಟಿ ಹಚ್ಚುವವರು ಇದನ್ನು ಎಲ್ಲಿಡುತ್ತಾರೋ ಗೊತ್ತಿಲ್ಲ.

ಮುಂದೇನು ಬರೆಯುತ್ತಿದ್ದನೋ ನೋಡಲು ಕಾಲ ಬಿಡಲಿಲ್ಲ. ಜಪಾನಿಯರು ದೇಶ ಹಿಡಿದಾಗ ಗುಟ್ಟಾಗಿ ಗೆರಿಲ್ಲಾಗಳಿಗೆ ಮಾಹಿತಿ ಕಲೆಹಾಕುವ ಕೆಲಸಕ್ಕೆ ಇಳಿದ. ಸಿಕ್ಕಿಬಿದ್ದ, 1944ರಲ್ಲಿ ಕೊಂದರು. ಅಂದರೆ ಕತೆಗಾರನಾಗಿ ಸಿಕ್ಕಿದ್ದು ಹೆಚ್ಚುಕಡಿಮೆ ಒಂದು ದಶಕ.

ಮೊದಲು ‘ರೈಸ್’ ಓದಿ, ಆಮೇಲೆ ಪ್ರೂಫ್ ರೀಡರನ ಕತೆ. ‘ಮಿಡ್‌ಸಮ್ಮರ್’ ಚಿಕ್ಕದು, ಬಾವಿಕಟ್ಟೆ ಬಳಿ ಎದುರಾಗುವ ಇಬ್ಬರ ಕತೆ. ಒಂದೇ ಗುಕ್ಕಿಗೆ ಮುಗಿಯುತ್ತದೆ.