ಶ್ರೀಗಂಧದ ತರಬೇತಿಗೆ ಬಂದ ರೈತರು ಹೊಲದಲ್ಲಿ ಅದನ್ನು ಪಾಲಿಸುವುದಿಲ್ಲ, ಏನು ಮಾಡಲಿ?

ಅರಣ್ಯಶಾಸ್ತ್ರದ ಪದವಿ ಮುಗಿಸಿ, ತುಮಕೂರು ಜಿಲ್ಲೆಯಲ್ಲಿ ಶ್ರೀಗಂಧ ಬೆಳೆಯುವವರಿಗೆ ತರಬೇತಿ ಕೊಡುವ ಕೆಲಸಕ್ಕೆ ಸೇರಿದ್ದೇನೆ ಎಂದು ಬರೆದಿದ್ದೀರಿ. ರೈತರು ಬರುತ್ತಾರೆ, ಕೇಳುತ್ತಾರೆ, ಊಟ ಮುಗಿಸಿ ಕರಪತ್ರ ಮಡಚಿ ಜೇಬಿಗಿಟ್ಟುಕೊಂಡು ಹೋಗುತ್ತಾರೆ; ಆರು ತಿಂಗಳು ಬಿಟ್ಟು ಹೊಲಕ್ಕೆ ಹೋದರೆ ಹೇಳಿದ್ದರಲ್ಲಿ ಅರ್ಧವೂ ಆಗಿರುವುದಿಲ್ಲ. ತಪ್ಪು ಎಲ್ಲಿದೆ ಎಂದು ಕೇಳಿದ್ದೀರಿ.

ಆ ಕರಪತ್ರ ಮಡಚಿಟ್ಟುಕೊಂಡು ಹೋದವರಲ್ಲಿ ನಾನೂ ಒಬ್ಬ. ತಿಪಟೂರು ಕಡೆಯವನು. ಇಂದು ನನ್ನ ತೋಟದ ಬದಿಯಲ್ಲಿ ಹದಿನೈದು ವರ್ಷ ದಾಟಿದ ಗಂಧದ ಮರಗಳಿವೆ, ಚಿಕ್ಕದೊಂದು ನರ್ಸರಿಯೂ ಇದೆ. ಆದರೆ ಮೊದಲು ನೆಟ್ಟ ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡವನು ನಾನು. ಹೇಗೆ ಕಳೆದುಕೊಂಡೆ ಎಂದು ಹೇಳಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗಬಹುದು.

2008ರ ಮುಂಗಾರಿನಲ್ಲಿ 300 ಸಸಿ ನೆಟ್ಟೆ. ಅದಕ್ಕೆ ಮುಂಚೆ ಒಂದು ದಿನದ ತರಬೇತಿಗೆ ಹೋಗಿದ್ದೆ. ಅಲ್ಲಿ ಕೊಟ್ಟ ಹಾಳೆಯಲ್ಲಿ ‘ಪ್ರತಿ ಸಸಿಯ ಪಕ್ಕದಲ್ಲಿ ಆತಿಥೇಯ ಸಸ್ಯವಾಗಿ ತೊಗರಿ ಬೆಳೆಸುವುದು, ನಂತರ ದೀರ್ಘಾವಧಿ ಆತಿಥೇಯ ಸಸ್ಯ ನೆಡುವುದು’ ಎಂದಿತ್ತು. ಆತಿಥೇಯ ಅಂದರೆ ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಳೆ ಸಸಿಗೆ ನೆರಳಾಗಲಿ, ಗಾಳಿಗೆ ತಡೆಯಾಗಲಿ ಎಂದಿರಬೇಕು ಅಂದುಕೊಂಡೆ. ತೊಗರಿ ಹಾಕಿದೆ, ಚೆನ್ನಾಗಿ ಬಂತು. ಪುಷ್ಯದಲ್ಲಿ ಕಟಾವಿಗೆ ಬಂದ ಹೆಂಗಸರು ಪ್ರತಿ ವರ್ಷ ಮಾಡುವ ಹಾಗೇ ತೊಗರಿ ಕುಯ್ದು, ಕೂಳೆಯನ್ನೂ ಕಿತ್ತು, ಕಟ್ಟಿಗೆ ಹೊರೆ ಕಟ್ಟಿಕೊಂಡು ಹೋದರು. ನಾನು ಅಲ್ಲೇ ನಿಂತಿದ್ದೆ. ಹೊಲ ಚೊಕ್ಕಟವಾಯಿತು ಎಂದು ಸಂತೋಷವೇ ಆಯಿತು.

ಯುಗಾದಿ ಹೊತ್ತಿಗೆ ಗಂಧದ ಎಲೆಗಳು ಹಳದಿಗೆ ತಿರುಗಿದವು. ನೀರು ಹೆಚ್ಚಿಸಿದೆ, ಗೊಬ್ಬರ ಹಾಕಿದೆ. ಔಷಧಿ ಅಂಗಡಿಯವರೊಬ್ಬರು ಇದು ಸ್ಪೈಕ್ ರೋಗ ಎಂದು ಎರಡು ಸಲ ಸಿಂಪಡಣೆಗೆ ಔಷಧಿ ಕೊಟ್ಟರು. ಸ್ಪೈಕ್ ರೋಗದಲ್ಲಿ ಎಲೆಗಳು ಬರಬರುತ್ತಾ ಕಿರಿದಾಗಿ ಕಡ್ಡಿಗೆ ಸೆಟೆದು ನಿಲ್ಲುತ್ತವೆ, ಅದಕ್ಕೆ ಸಿಂಪಡಿಸಿ ವಾಸಿ ಮಾಡುವ ಔಷಧಿಯೇ ಇಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ಬೇಸಿಗೆ ಮುಗಿಯುವುದರೊಳಗೆ ಅರ್ಧಕ್ಕಿಂತ ಹೆಚ್ಚು ಗಿಡ ಒಣಗಿ ಕಡ್ಡಿಯಾದವು.

ಆಗ ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದುತ್ತಿದ್ದ ನಮ್ಮ ನೆಂಟರ ಹುಡುಗ ರಜೆಗೆ ಬಂದಿದ್ದ. ಸತ್ತ ಗಿಡಗಳನ್ನು ನೋಡಿ ಅವನು ಏನೂ ಮಾತಾಡಲಿಲ್ಲ. ಬದುವಿನ ಮೇಲೆ ಹೊಂಗೆ ಮರದ ಬುಡದಲ್ಲಿ ಹಕ್ಕಿ ಹಿಕ್ಕೆಯಿಂದ ತಾನಾಗಿ ಹುಟ್ಟಿದ್ದ ಒಂದು ಗಂಧದ ಗಿಡ ಕಪ್ಪು ಹಸಿರಾಗಿ ನಿಂತಿತ್ತು. ಅದರ ಬುಡಕ್ಕೆ ಎರಡು ಬಿಂದಿಗೆ ನೀರು ಸುರಿದು, ಮಣ್ಣು ನೆನೆಯಲು ಬಿಟ್ಟು, ಬೆರಳಿನಲ್ಲೇ ಮಣ್ಣು ಬಿಡಿಸುತ್ತಾ ಹೋದ. ಗಂಧದ ಸಣ್ಣ ಬೇರುಗಳು ಹೊಂಗೆಯ ಬೇರನ್ನು ಮುಟ್ಟಿದ ಕಡೆಯೆಲ್ಲ ಉದ್ದಿನ ಕಾಳಿನಷ್ಟು ದಪ್ಪದ ಗುಂಡಿಗಳು ಅಂಟಿಕೊಂಡಿದ್ದವು. ಎಳೆದರೆ ಬರುತ್ತಿರಲಿಲ್ಲ, ಜಿಗಣೆ ಹಿಡಿದ ಹಾಗೆ. ‘ಇದು ಹೀರುಬೇರು. ಗಂಧ ಊಟ ಮಾಡೋದು ಇಲ್ಲಿಂದ’ ಅಂದ.

ಗಂಧ ಅರೆ ಪರಾವಲಂಬಿ. ಹಸಿರೆಲೆ ಇರುವುದರಿಂದ ಅಡುಗೆ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು, ಸಾರಜನಕ, ರಂಜಕ, ಪೊಟ್ಯಾಷ್‌ಗೆ ಪಕ್ಕದ ಗಿಡದ ಬೇರಿಗೆ ಕೈ ಹಾಕುತ್ತದೆ. ಒಲೆ ತನ್ನದು, ದಿನಸಿ ಪಕ್ಕದ ಮನೆಯದು. 300ಕ್ಕೂ ಹೆಚ್ಚು ಬಗೆಯ ಗಿಡಗಳಿಂದ ಹೀಗೆ ಹೀರಬಲ್ಲದು. ಎಳೆತನದಲ್ಲಿ ತೊಗರಿ ಸಾಕು, ಅದು ಹೋಗುವ ಮುಂಚೆಯೇ ಹೊಂಗೆ, ಸರ್ವೆ, ಬೇವು, ನೆಲ್ಲಿಯಂಥ ವರ್ಷಗಟ್ಟಲೆ ನಿಲ್ಲುವ ಗಿಡ ಪಕ್ಕದಲ್ಲಿ ಬೇರೂರಿರಬೇಕು. ನಾನು ಎರಡನೆಯದನ್ನು ನೆಟ್ಟಿರಲಿಲ್ಲ, ಮೊದಲನೆಯದನ್ನು ಕೀಳಿಸಿದ್ದೆ. 300 ಸಸಿಗಳನ್ನು ಒಂದೇ ದಿನ ಉಪವಾಸಕ್ಕೆ ಹಾಕಿದಂತಾಯಿತು.

ಮಾರನೆಯ ದಿನ ಕಟಾವಿಗೆ ಬಂದಿದ್ದ ಹೆಂಗಸರನ್ನೇ ಕರೆಸಿ ಆ ಬೇರು ತೋರಿಸಿದೆ. ಅವರಲ್ಲಿ ಹಿರಿಯಳಾದ ಒಬ್ಬ ಅವ್ವ ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿ, ‘ಹಂಗಾದ್ರೆ ತೊಗರಿ ಅದಕ್ಕೆ ಸಾಕುತಾಯಿ ಅನ್ನಪ್ಪಾ. ತಾಯಿನ ಕಿತ್ತು ಒಲೆಗೆ ಹಾಕಿದ್ವಲ್ಲ’ ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ತಪ್ಪು ಅವಳದ್ದಲ್ಲ. ತರಬೇತಿಗೆ ಹೋದವನು ನಾನು, ಊಟ ಮಾಡಿದವನು ನಾನು, ಹಾಳೆ ಇದ್ದದ್ದು ನನ್ನ ಜೇಬಿನಲ್ಲಿ. ಕುಡುಗೋಲು ಇದ್ದದ್ದು ಅವಳ ಕೈಯಲ್ಲಿ.

ನಿಮಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಹೊಲದಲ್ಲಿ ಯಾರ ಕೈ ಕೆಲಸ ಮಾಡುತ್ತದೋ ಆ ಕೈಗೆ ವಿಷಯ ತಲುಪಬೇಕು, ಏನು ಮಾಡಬೇಕು ಎನ್ನುವುದರ ಜೊತೆಗೆ ಯಾಕೆ ಎನ್ನುವುದೂ ತಲುಪಬೇಕು. ನಿಮ್ಮ ಹಾಜರಿ ಪುಸ್ತಕ ತೆಗೆದು ನೋಡಿ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರೇ ಅಲ್ಲವೇ ಸಹಿ ಹಾಕಿರುವುದು? ಕಳೆ ಕೀಳುವವರು, ನೀರು ಬಿಡುವ ಹುಡುಗ, ಆಡು ಕಾಯುವವರು, ನರ್ಸರಿಯಲ್ಲಿ ಪಾಕೆಟ್ ತುಂಬುವವರು ಎಷ್ಟು ಜನ ಇದ್ದಾರೆ? ಕಾರಣ ಗೊತ್ತಿಲ್ಲದವರು ಹೇಳಿದ್ದನ್ನು ಒಂದು ವರ್ಷ ಮಾಡಬಹುದು, ಕಷ್ಟ ಬಂದ ದಿನ ಬಿಟ್ಟುಬಿಡುತ್ತಾರೆ. ಬೇರು ನೋಡಿದವರು ಬಿಡುವುದಿಲ್ಲ. ಮುಂದಿನ ವರ್ಷ ಅದೇ ಅವ್ವ ನನ್ನ ತಮ್ಮನನ್ನು ತಡೆದು ನಿಲ್ಲಿಸಿ, ತೊಗರಿಯನ್ನು ಮೇಲಿಂದ ಮಾತ್ರ ಕುಯ್ಯಿ, ಬುಡ ಮುಟ್ಟಬೇಡ ಎಂದು ಗದರಿದಳು. ತೊಗರಿ ಗಂಧಕ್ಕಿಂತ ಎತ್ತರಕ್ಕೆ ಹೋದರೆ ನೆರಳು ಮುಚ್ಚುತ್ತದೆ, ಆಗಾಗ ಸವರುತ್ತಿರಬೇಕು ಎಂಬುದನ್ನೂ ಅವಳೇ ಕಂಡುಕೊಂಡಳು. ಬೇಲಿಯ ಲಂಟಾನದ ಪಕ್ಕದ ಗಂಧ ಒಳಗಿನದಕ್ಕಿಂತ ಹಸಿರಾಗಿದೆ ಎಂದು ತೋರಿಸಿದವಳೂ ಅವಳೇ. ನೀವು ಹೇಳುವುದಕ್ಕೆ ಹೋದಾಗ ಕೇಳಿಕೊಂಡು ಬರುವುದಕ್ಕೂ ಜಾಗ ಇಟ್ಟುಕೊಳ್ಳಿ.

ಭಾಷೆಯ ವಿಷಯ. ‘ಆತಿಥೇಯ ಸಸ್ಯ’ ಎಂಬ ಮಾತು ಪುಸ್ತಕದಲ್ಲಿ ಇರಲಿ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಈಗ ಕೆಲವರು ಸಾಕುತಾಯಿ ಅನ್ನುತ್ತಾರೆ, ಉಳಿದವರು ಆಸರೆ ಗಿಡ. ಯಾವುದನ್ನು ಕೇಳಿದರೆ ಕೂಳೆ ಕೀಳಲು ಹೋದ ಕೈ ನಿಲ್ಲುತ್ತದೋ ಆ ಮಾತನ್ನು ಬಳಸಿ. ಅಳತೆಯೂ ಹಾಗೆಯೇ. ಬೀಜ ಬೇಗ, ಒಟ್ಟಿಗೆ ಮೊಳೆಯಲಿ ಎಂದು ಜಿಬ್ಬರೆಲಿಕ್ ಆಮ್ಲದ ಪುಡಿ ಬೆರೆಸಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಲು ಹೇಳುತ್ತೀರಿ, ‘500 ಪಿಪಿಎಂ’ ಎಂದು ಬರೆಯುತ್ತೀರಿ. ನರ್ಸರಿಯ ಹೆಣ್ಣುಮಗಳಿಗೆ ಅದು ಏನು? ಒಂದು ಲೀಟರ್ ನೀರಿಗೆ ಅರ್ಧ ಗ್ರಾಂ ಎಂದು ಹೇಳಿ. ಅರ್ಧ ಗ್ರಾಂ ತೂಗುವ ತಕ್ಕಡಿ ಹಳ್ಳಿಯಲ್ಲಿ ಯಾರ ಹತ್ತಿರವೂ ಇಲ್ಲ, ಆದ್ದರಿಂದ ತೂಗಿದ ಪೊಟ್ಟಣಗಳನ್ನೇ ಕಟ್ಟಿಕೊಡಿ. ಆ ಪುಡಿ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಮೊದಲು ಸ್ವಲ್ಪ ಸ್ಪಿರಿಟ್‌ನಲ್ಲಿ ಕರಗಿಸಬೇಕು ಎಂಬುದನ್ನು ಮಾಡಿ ತೋರಿಸಿ. ಈ ಒಂದು ಸಣ್ಣ ಮಾತು ಗೊತ್ತಿಲ್ಲದೆ ಎಷ್ಟೋ ನರ್ಸರಿಗಳಲ್ಲಿ ಪುಡಿ ತಳದಲ್ಲೇ ಉಳಿದು, ಬರೀ ನೀರಿನಲ್ಲಿ ಬೀಜ ನೆಂದಿದೆ.

ಇನ್ನು ಹೊತ್ತು. ಜೂನ್ ತಿಂಗಳ ತರಬೇತಿಯಲ್ಲಿ ಹೇಳಿದ ಮಾತು ಜನವರಿಯ ಕಟಾವಿನ ದಿನ ಯಾರಿಗೂ ನೆನಪಿರುವುದಿಲ್ಲ. ಇಡೀ ವರ್ಷದ್ದನ್ನು ಒಂದೇ ದಿನ ಸುರಿಯುವ ಬದಲು ಕೈ ತಪ್ಪುವ ದಿನಗಳು ಯಾವುವು ಎಂದು ಗುರುತಿಸಿ, ಅದಕ್ಕೆ ಒಂದು ವಾರ ಮುಂಚೆ ಹೋಗಿ. ಹೋಗಲಾಗದಿದ್ದರೆ ವಾಟ್ಸ್ಯಾಪಿನಲ್ಲಿ ಎರಡು ನಿಮಿಷ ಮಾತಾಡಿ ಕಳಿಸಿ, ಓದಲು ಬಾರದವರೂ ಕೇಳಿಸಿಕೊಳ್ಳುತ್ತಾರೆ. ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನನಗೆ ಹಿಡಿಸಿದ್ದೂ ಈ ಗುಣವೇ. ಅಲ್ಲಿ ಹಣ ಸಸಿ ನೆಟ್ಟದ್ದಕ್ಕಲ್ಲ, ಬದುಕಿ ಉಳಿದದ್ದಕ್ಕೆ. ಒಂದು ಸಸಿಗೆ ಮೂರು ವರ್ಷದಲ್ಲಿ 35, 40, 50 ರೂಪಾಯಿಯಂತೆ ಒಟ್ಟು 125. ದೊಡ್ಡ ಮೊತ್ತವೇನಲ್ಲ, ಆದರೆ ಮೂರು ವರ್ಷ ರೈತನ ಕಣ್ಣು ಗಿಡದ ಮೇಲಿರುತ್ತದೆ. ನಿಮ್ಮ ಸಂಸ್ಥೆಯೂ ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ ಎಂಬುದನ್ನು ಬಿಟ್ಟು, ಎರಡನೇ ಬೇಸಿಗೆ ದಾಟಿದ ಗಿಡ ಎಷ್ಟು ಎಂದು ಎಣಿಸಲಿ.

ಒಂದು ಕಷ್ಟದ ಮಾತೂ ಇದೆ. ನಿಮಗಿಂತ ಮುಂಚೆ ನಮ್ಮ ಮನೆ ಬಾಗಿಲಿಗೆ ಸಸಿ ಮಾರುವವರು ಬಂದುಹೋಗಿರುತ್ತಾರೆ. ಎಕರೆಗೆ ಇಷ್ಟು ಗಿಡ, ಗಿಡಕ್ಕೆ ಇಷ್ಟು ಕೆಜಿ, ಕೆಜಿಗೆ ಇಷ್ಟು ರೂಪಾಯಿ ಎಂದು ಗುಣಿಸಿ ಕೋಟಿಯ ಲೆಕ್ಕ ಕೊಟ್ಟಿರುತ್ತಾರೆ. ಹೆಬ್ಬೇವಿನಲ್ಲೂ ಹೀಗೇ ಆಸೆ ಹುಟ್ಟಿಸಿದರು. ಆ ಲೆಕ್ಕ ತಪ್ಪು ಎಂದು ಹೇಳುವ ಧೈರ್ಯ ನಿಮಗಿರಲಿ, ಬೇಸರ ಮಾಡಿಕೊಳ್ಳುವವರು ಮಾಡಿಕೊಳ್ಳಲಿ. ಗಂಧದಲ್ಲಿ ಬೆಲೆ ಇರುವುದು ಚೇಗಿಗೆ, ಅಂದರೆ ಕಾಂಡದ ಒಳಗಿನ ಸುವಾಸನೆಯ ಗಟ್ಟಿ ತಿರುಳಿಗೆ. ಕಾಂಡ ದಪ್ಪವಾದ ಮಾತ್ರಕ್ಕೆ ಒಳಗೆ ಚೇಗು ಕೂಡಿದೆ ಎಂದಲ್ಲ. ಒಂದೇ ಸಾಲಿನ, ಒಂದೇ ವಯಸ್ಸಿನ ಎರಡು ಮರಗಳಲ್ಲೂ ಅದು ಒಂದೇ ಸಮ ಇರುವುದಿಲ್ಲ. ಹತ್ತು ಹನ್ನೆರಡು ವರ್ಷ ಒಂದು ರೂಪಾಯಿ ಬರುವುದಿಲ್ಲ, ಆಮೇಲೆ ಕಳ್ಳರ ಕಾಟ. ಮರ ಚಿಕ್ಕದಿರುವಾಗ ಕಾಯುವುದು ಆಡಿನಿಂದ, ದೊಡ್ಡದಾದ ಮೇಲೆ ರಾತ್ರಿ ಗರಗಸ ಹಿಡಿದು ಬರುವವರಿಂದ.

ಕಾನೂನನ್ನೂ ತಿಳಿದುಕೊಂಡು ಹೋಗಿ. ನಮ್ಮ ತಂದೆಯ ಕಾಲದಲ್ಲಿ ಹೊಲದಲ್ಲಿ ಹುಟ್ಟಿದ ಗಂಧವೂ ಸರ್ಕಾರದ್ದೇ. ಮರ ಕಳುವಾದರೆ ಹೊಲದವನನ್ನೇ ಹಿಡಿದು ಕೇಳುತ್ತಾರೆ ಎಂಬ ಹೆದರಿಕೆಗೆ, ಸಸಿ ಕಂಡಲ್ಲೇ ಕಿತ್ತು ಬಿಸಾಡುತ್ತಿದ್ದರು. ಅರಣ್ಯ ಕಾಯ್ದೆಗೆ 2001ರಲ್ಲಿ ಬಂದ ತಿದ್ದುಪಡಿಯ ನಂತರ ಜಮೀನಿನ ಒಡೆಯನೇ ಮರದ ಒಡೆಯ. ಹಾಗಿದ್ದೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಪಹಣಿಯಲ್ಲಿ ಗಂಧ ನಮೂದಾಗಿರಲಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಇದೆಲ್ಲ ನಿಮ್ಮ ಪಠ್ಯದ ಅರಣ್ಯ ವಿಜ್ಞಾನವಲ್ಲದಿರಬಹುದು, ಆದರೆ ರೈತ ಮೊದಲು ಕೇಳುವ ಪ್ರಶ್ನೆ ಇದೇ. ಇದಕ್ಕೆ ನೇರ ಉತ್ತರ ಸಿಕ್ಕರೆ ಬೇರಿನ ಮಾತನ್ನೂ ನಂಬುತ್ತಾನೆ. ನಿಮಗೆ ಗೊತ್ತಿಲ್ಲದ್ದು ಬಂದರೆ ಕೇಳಿ ಹೇಳುತ್ತೇನೆ ಎನ್ನಿ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಗಂಧದ ಮೇಲೆ ದಶಕಗಳಿಂದ ಕೆಲಸ ಮಾಡಿದವರು. ನಮ್ಮ ಹತ್ತಿರ ಕೊನೇಹಳ್ಳಿ, ಹಿರೇಹಳ್ಳಿಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ರೈತರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದೂ ನಿಮ್ಮ ಕೆಲಸವೇ.

ಮುಂದಿನ ತರಬೇತಿಯನ್ನು ಸಭಾಂಗಣದಲ್ಲಿ ಇಡಬೇಡಿ. ನಾಲ್ಕೈದು ವರ್ಷದ ಗಂಧ ಇರುವ ಒಂದು ಹೊಲ ಹುಡುಕಿ, ಕಟಾವಿಗೆ ಹೋಗುವ ಹೆಂಗಸರಿಗೆ ಆ ದಿನದ ಕೂಲಿ ಕೊಟ್ಟು ಕರೆಯಿರಿ. ಹಿಂದಿನ ರಾತ್ರಿಯೇ ಬುಡಕ್ಕೆ ನೀರು ಬಿಟ್ಟಿರಿ. ಗುದ್ದಲಿ ಹಾಕಬೇಡಿ, ಹೀರುಬೇರು ಕಿತ್ತುಹೋಗುತ್ತದೆ. ಗಿಡದಿಂದ ಎರಡು ಅಡಿ ದೂರದಲ್ಲಿ ಶುರು ಮಾಡಿ ಕೈಯಲ್ಲೇ ಬಿಡಿಸಿ, ಬೇರಿನ ಮೇಲೆ ಚೊಂಬಿನಿಂದ ನೀರು ಹನಿಸುತ್ತಾ ಮಣ್ಣು ತೊಳೆಯಿರಿ. ಎಲ್ಲರೂ ಒಬ್ಬೊಬ್ಬರಾಗಿ ಬಂದು ಬೆರಳಿಂದ ಮುಟ್ಟಿ ನೋಡಲಿ. ಆಮೇಲೆ ತೆಗೆದ ಮಣ್ಣನ್ನೇ ಮುಚ್ಚಿ, ಒಂದು ಬಿಂದಿಗೆ ನೀರು ಹಾಕಿ, ಮೇಲೆ ಸೊಪ್ಪು ಹಾಸಿ ಬನ್ನಿ.